ಓಢ್ ಮತ್ತು ಓಡು

ದತ್ತಾಭಾವು ಕೂಗಿದ್ದು ನನಗೆ ಸರಿಯಾಗಿಯೇ ಕೇಳಿಸಿತ್ತು. ಅರ್ಥವೂ ಆಗಿತ್ತು. ಆದರೂ ಹಗ್ಗ ಬಿಟ್ಟು ಓಡಿದೆ — ಹೆದರಿ ಓಡಿದೆ. ಅರ್ಥವಾಗಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಸುಳ್ಳು.

ಇದನ್ನು ಮೊದಲು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಆ ಸುಳ್ಳಿಗೆ ನಾನು ಸಾಕ್ಷಿ ಮಾಡಿಕೊಂಡದ್ದು ನಮ್ಮ ಭಾಷೆಯನ್ನೇ. ಮರಾಠಿಯಲ್ಲಿ 'ಓಢ್' ಎಂದರೆ ಎಳೆ. ನಮ್ಮಲ್ಲಿ ಓಡು ಎಂದರೆ — ನಿಮಗೆ ಹೇಳಬೇಕಾಗಿಲ್ಲ. ಕೇಳಿದವರೆಲ್ಲ ನಕ್ಕಿದ್ದಾರೆ, ನಿಮಗೂ ಈಗ ನಗು ಬಂದಿರಬಹುದು. ಜನ ನಕ್ಕು ಸುಮ್ಮನಾಗುತ್ತಿದ್ದರು, ಮುಂದಕ್ಕೆ ಯಾರೂ ಕೇಳುತ್ತಿರಲಿಲ್ಲ.

ನಾನು ವಿಜಾಪುರದ ಕಡೆಯವನು. ಮರಾಠಿ ಸೀಮೆಯ ಭಾಂಡುಪಿನಲ್ಲಿ ನನ್ನದೂ ನಮ್ಮೂರಿನ ಇಸ್ಮಾಯಿಲನದೂ ಸೇರಿ ಒಂದು ವೆಲ್ಡಿಂಗ್ ಅಂಗಡಿ. ಕಿಟಕಿ ಗ್ರಿಲ್ಲು, ಗೇಟು ಮಾಡುತ್ತೇವೆ. ದತ್ತಾಭಾವು ಅದೇ ಬೀದಿಯಲ್ಲಿ ರಿಕ್ಷಾ ಓಡಿಸುತ್ತಿದ್ದರು. ಯಾವ ಬಿಲ್ಡಿಂಗಿನಲ್ಲಿ ಹಾವು ಹೊಕ್ಕರೂ ಅವರಿಗೇ ಫೋನು. ರಿಕ್ಷಾ ಬದಿಗೆ ಹಾಕಿ ಹೋಗಿ, ಹಿಡಿದು, ಕಾಡಿನ ಕಡೆ ಬಿಟ್ಟು ಬರುತ್ತಿದ್ದರು.

ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಾಲನಿಯ ಹಿಂದಿನ ಹಳೆಯ ಕಲ್ಲುಕ್ವಾರಿಯ ಹೊಂಡದಲ್ಲಿ ಮೊಸಳೆ ಕಾಣಿಸಿತು. ಗುಡ್ಡದಾಚೆಯ ಕೆರೆಯಿಂದ ನೀರಿನ ಜೊತೆ ಬಂದಿರಬೇಕು. ಹೊಂಡದಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಹುಡುಗರು ಈಜುತ್ತಿದ್ದರು. ಬೀದಿನಾಯಿಯೊಂದನ್ನು ಅದು ಎಳೆದುಕೊಂಡು ಹೋದ ಮೇಲೆ ಜನ ಸಲಾಕೆ ಹಿಡಿದು ಬಂದರು. ಕೊಲ್ಲಬೇಡಿ, ಜೀವಂತ ಹಿಡಿಯೋಣ ಎಂದು ಅಡ್ಡ ನಿಂತವರು ದತ್ತಾಭಾವು. ಅರಣ್ಯ ಇಲಾಖೆಯವರನ್ನು ಕರೆಸಿದವರೂ ಅವರೇ. ಪಂಜರ ಮಾಡಿಕೊಟ್ಟವರು ನಾವು. ಅದರಲ್ಲಿ ಕೋಳಿ ಕಟ್ಟಿ ಎಷ್ಟು ಕಾದರೂ ಮೊಸಳೆ ಹತ್ತಿರ ಸುಳಿಯಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಅದು ಕೆಸರಿನ ಮೇಲೆ ಬಿಸಿಲು ಕಾಯಿಸುತ್ತ ಮಲಗಿದ್ದಾಗ, ಹಗ್ಗದಿಂದಲೇ ಹಿಡಿಯುವುದೆಂದು ಆಯಿತು.

ಇಲಾಖೆಯವರು ಬಿದಿರಿನ ತುದಿಯಿಂದ ಮೇಲ್ದವಡೆಗೆ ಕುಣಿಕೆ ಹಾಕುವುದು. ನಾವು ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿಯುವುದು — ಹಗ್ಗ ಬಿಗಿಯಿದ್ದರೆ ಅದು ತಲೆ ತಿರುಗಿಸಲಾರದು. ಅಷ್ಟರಲ್ಲಿ ದತ್ತಾಭಾವು ಪಕ್ಕದಿಂದ ಹೋಗಿ ಒದ್ದೆ ಗೋಣಿಚೀಲವನ್ನು ಅದರ ಕಣ್ಣಿನ ಮೇಲೆ ಹಾಕಿ ಬಾಯಿ ಕಟ್ಟುವುದು. ಅವರ ಜೀವವೆಲ್ಲ ಆ ಹಗ್ಗದ ಬಿಗಿಯಲ್ಲಿತ್ತು. ಎಲ್ಲರಿಗಿಂತ ಮುಂದಿನ ಜಾಗಕ್ಕೆ ಅವರು ನನ್ನನ್ನು ಕರೆದರು. "ಶಿವಾ, ತೂ ಪುಢೇ." ನೀನು ಮುಂದೆ. ನಾನು ಎದೆಯುಬ್ಬಿಸಿಕೊಂಡು ಹೋಗಿ ನಿಂತೆ.

ಕುಣಿಕೆ ಬಿತ್ತು. ಮೊಸಳೆ ಒಮ್ಮೆಗೇ ಎದ್ದು ಬಾಯಿ ತೆರೆಯಿತು. ಒಳಗಿನ ಹಳದಿ ನನಗೆ ಕಾಣಿಸಿತು. ಹಗ್ಗ ನನ್ನನ್ನು ಅದರ ಕಡೆಗೆ ಒಂದು ಹೆಜ್ಜೆ ಜಗ್ಗಿತು, ಕಾಲು ಕೆಸರಿನಲ್ಲಿ ಜಾರಿತು. ಚೀಲ ಹಿಡಿದು ಬಗ್ಗಿದ್ದ ದತ್ತಾಭಾವು ನನ್ನ ಮುಖ ನೋಡಿಯೇ ಕೂಗಿದರು —

"ಓಢ್!"

ಕೈ ಬಿಟ್ಟೆ. ಹಿಂದಿದ್ದವರನ್ನು ತಳ್ಳಿಕೊಂಡು ಓಡಿದೆ. ನನ್ನ ಹೊಡೆತಕ್ಕೆ ಇಬ್ಬರು ಬಿದ್ದರು. ಇಸ್ಮಾಯಿಲ ಮಾತ್ರ ಹಲ್ಲು ಕಚ್ಚಿ ಎಳೆಯುತ್ತಿದ್ದ. ತಿರುಗಿ ನೋಡಿದಾಗ ದತ್ತಾಭಾವು ಅವರ ಬಲಗೈ ಅದರ ಬಾಯಲ್ಲಿತ್ತು. ಬಿಡಿಸಿದರು — ಬೇರೆಯವರು ಬಿಡಿಸಿದರು. ನಾನು ದಂಡೆಯ ಮೇಲಿದ್ದೆ.

ಆಸ್ಪತ್ರೆಯ ವರಾಂಡದಲ್ಲಿ ಅವರ ಹೆಂಡತಿ, ನಾವೆಲ್ಲ ವಹಿನಿ — ಅತ್ತಿಗೆ — ಎನ್ನುತ್ತಿದ್ದವರು, ಕೇಳಿದ್ದು ಒಂದೇ ಮಾತು. "ದೋರೀ ಕಾ ಸೋಡಲೀ, ಶಿವಾ?" ಹಗ್ಗ ಯಾಕೆ ಬಿಟ್ಟೆ? ಹೆದರಿದೆ ಎನ್ನಲು ನಾಲಿಗೆ ಏಳಲಿಲ್ಲ. ಭಾವು ಓಢ್ ಎಂದರು, ನಮ್ಮ ಭಾಷೆಯಲ್ಲಿ ಓಡ್ ಎಂದರೆ ಓಡಿಹೋಗು ಎಂದು, ಗಾಬರಿಯಲ್ಲಿ ನನಗೆ ಹಾಗೆ — ಎಂದು ತೊದಲಿದೆ. ವಹಿನಿ ನನ್ನನ್ನೇ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟು, ಸುಮ್ಮನೆ ಅತ್ತರು. ಆ ಕೈಯ ಭಾರಕ್ಕೆ ಅಲ್ಲಿಯೇ ಕುಸಿದು ನಿಜ ಹೇಳಬೇಕಿತ್ತು. ಹೇಳಲಿಲ್ಲ.

ಇಸ್ಮಾಯಿಲ ಪಕ್ಕದಲ್ಲೇ ಇದ್ದ. ಹೊರಗೆ ಬಂದ ಮೇಲೆ ಕೇಳಿದ: "ನಾನೂ ಕನ್ನಡದಾಂವನ ಅಲ್ಲೇನೋ ಶಿವ್ಯಾ? ಮತ್ತ ನಾ ಯಾಕ ಎಳದ್ನಿ?"

ಅವನಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು — ಈ ಬರಹದಲ್ಲಿ ಇಲ್ಲಿಯವರೆಗೂ ನಾನು ಮುಂದೂಡುತ್ತ ಬಂದದ್ದು. ಅಂದು ಬೆಳಿಗ್ಗೆ ಹೊಂಡಕ್ಕೆ ಇಳಿಯುವ ಮೊದಲು ದತ್ತಾಭಾವು ಎಲ್ಲರಿಗೂ ಹೇಳಿಕೊಟ್ಟಿದ್ದರು: ನಾನು ಓಢ್ ಅಂದ ತಕ್ಷಣ ಎಲ್ಲರೂ ಎಳೆಯಬೇಕು. ಆಗ ಇಸ್ಮಾಯಿಲನ ಕಡೆ ತಿರುಗಿ, "ಲೇ, ಓಢ್ ಅಂದ್ರ ಎಳಿಯೂದು, ಓಡೂದಲ್ಲ ಮತ್ತ!" ಎಂದು ನಗಿಸಿದವನು ನಾನೇ. ಅದೇ ಚೇಷ್ಟೆಯನ್ನು ಸಂಜೆ ವಹಿನಿಯ ಮುಂದೆ ಹಿಡಿದೆ.

ಇಸ್ಮಾಯಿಲ ಆ ಮಾತನ್ನು ಮತ್ತೆ ಎತ್ತಲಿಲ್ಲ. ಅಂಗಡಿಯಲ್ಲಿ ಕೂಡಿಯೇ ಕೆಲಸ ಮಾಡುತ್ತೇವೆ, ಕೂಡಿಯೇ ಉಣ್ಣುತ್ತೇವೆ. ಆದರೆ ಭಾರದ ಗೇಟು ಎತ್ತುವಾಗ ಇನ್ನೊಂದು ತುದಿಗೆ ಅವನು ನನ್ನನ್ನು ಕರೆಯುವುದಿಲ್ಲ.

ದತ್ತಾಭಾವುಗೆ ಎಚ್ಚರವಾದ ಮೇಲೆ ಅವರು ಅಂದದ್ದು ಇದು: "ಚೂಕ್ ಮಾಝೀ, ಶಿವಾ." ತಪ್ಪು ನನ್ನದು. ಹಿಂದಿಯಲ್ಲಿ ಖೀಂಚ್ ಅನ್ನಬೇಕಿತ್ತು, ನಿನ್ನ ಭಾಷೆ ಬೇರೆ ಎಂಬುದು ಹೊಳೆಯಲಿಲ್ಲ ಎಂದರು. ಬ್ಯಾಂಡೇಜಿನ ಕೈ ದಿಂಬಿನ ಮೇಲಿಟ್ಟುಕೊಂಡು ನನ್ನ ಕ್ಷಮೆ ಕೇಳಿದರು. ಇರಲಿ ಭಾವು, ಎಂದೆ. ಹೌದು — ನಾನು ಅವರನ್ನು ಕ್ಷಮಿಸಿದೆ! ಹಗ್ಗ ಬಿಟ್ಟದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ನಾಚಿಸುತ್ತದೆ. ಓಡಿದ್ದು ಭಯ. ಇದನ್ನು ಕುರ್ಚಿಯ ಮೇಲೆ ಕುಳಿತು ಆಡಿದ್ದೆ.

ಮೊಸಳೆ ಆಮೇಲೆ ತಾನಾಗಿಯೇ ನಮ್ಮ ಪಂಜರಕ್ಕೆ ಬಿತ್ತು. ಜೀವಂತವಾಗಿ ಅದರ ಕೆರೆಗೆ ಹೋಯಿತು. ದತ್ತಾಭಾವು ಅವರ ಬಲಗೈ ಮುಷ್ಟಿ ಕಟ್ಟುವುದಿಲ್ಲ. ರಿಕ್ಷಾದ ಎಕ್ಸಿಲೇಟರ್ ತಿರುಗಿಸಲು ಆಗದೆ ಅದನ್ನು ಮಾರಿದರು. ಈಗ ಸ್ಟೇಷನ್ ಹತ್ತಿರದ ಬಿಲ್ಡಿಂಗಿನ ವಾಚ್‌ಮನ್. ಆ ಗೇಟು ನಾವೇ ಮಾಡಿದ್ದು. ನನ್ನನ್ನು ಕಂಡರೆ ನನ್ನಿಂದಲೇ ಕಲಿತ ಒಂದು ಕನ್ನಡ ಪದವನ್ನು ಕೂಗಿ ನಗುತ್ತಾರೆ: "ಎಳಿ, ಶಿವಾ, ಎಳಿ!" ಹಾವು ಹಿಡಿಯಲು ಕಲಿಯುವ ಹುಡುಗರಿಗೆ, ಮೊದಲು ಎಲ್ಲರ ಭಾಷೆ ಕೇಳಿಕೊಳ್ಳಿ ಎಂದು ಪಾಠ ಹೇಳುತ್ತಾರೆ. ನನ್ನ ಸುಳ್ಳಿನಿಂದ ಅಷ್ಟಾದರೂ ಒಳ್ಳೆಯದಾಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಆಗುವುದಿಲ್ಲ. ತಮ್ಮ ತಪ್ಪಿನಿಂದ ಕೈ ಹೋಯಿತೆಂದು ಆ ಮನುಷ್ಯ ಇಂದಿಗೂ ನಂಬಿದ್ದಾರೆ.

ಈ ಭಾನುವಾರ ಆ ಗೇಟಿಗೆ ಹೋಗುತ್ತೇನೆ. ಮರಾಠಿಯಲ್ಲಿಯೇ ಹೇಳುತ್ತೇನೆ, ಎರಡನೆಯ ಅರ್ಥಕ್ಕೆ ಜಾಗವಿಲ್ಲದಂತೆ: "ಭಾವು, ಮಲಾ ಕಳಲಂ ಹೋತಂ." ನನಗೆ ಅರ್ಥವಾಗಿತ್ತು. ಅವರು ಬೈಯಬಹುದು, ಏನೂ ಅನ್ನದೆ ಎದ್ದು ಒಳಗೆ ಹೋಗಬಹುದು. ಹೋದರೂ ನಾನು ಆ ಗೇಟಿನ ಹತ್ತಿರವೇ ನಿಂತಿರುತ್ತೇನೆ.