ಮೆಟ್ಟಿಲಿನಿಂದ ಬೀಳದವನು

ಹಾಕಿ ಸ್ಟಿಕ್ ಹಿಡಿದು ನಾನು ಒಂದು ಪಂದ್ಯವನ್ನೂ ಆಡಿದವನಲ್ಲ. ಆದರೂ ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯ ಹಾಕಿ ತಂಡದ ಜೊತೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಊರೂರು ಸುತ್ತಿದ್ದೇನೆ. ಆಟಗಾರರಿಗೆ ಅಲ್ಲಿ ಆಡುವುದೇ ನೌಕರಿ. ಅವರ ರೈಲು ಟಿಕೆಟ್, ಜರ್ಸಿ, ಊಟ, ಪಂದ್ಯದ ಪಟ್ಟಿ ನೋಡಿಕೊಳ್ಳುವುದು ನನ್ನ ನೌಕರಿ. ಕಾಗದದ ಮೇಲೆ ಮ್ಯಾನೇಜರ್, ಕೆಲಸದಲ್ಲಿ ಗುಮಾಸ್ತ. ನಿವೃತ್ತಿಯಾದ ಮೇಲೆ ಚಿಂತಾಮಣಿಯಲ್ಲಿ ಮನೆ ಮಾಡಿಕೊಂಡೆ. ವಾರಕ್ಕೊಮ್ಮೆ ಕೆಂಚಾರ್ಲಹಳ್ಳಿಗೆ ಹೋಗಿ, ತಮ್ಮ ನೋಡಿಕೊಳ್ಳುವ ಹಿಪ್ಪುನೇರಳೆ ತೋಟದಲ್ಲಿ ಸುಮ್ಮನೆ ನಿಂತು ಬರುತ್ತೇನೆ. ಸುಸ್ತಾಗಲು ಕೆಲಸವೇ ಮಾಡಬೇಕೆಂದಿಲ್ಲ ಎಂಬುದು ನನಗೆ ಈಗ ಚೆನ್ನಾಗಿ ಗೊತ್ತು.

ಹೋದ ಮಳೆಗಾಲದಲ್ಲಿ ಕಾರ್ಖಾನೆಯಿಂದ ಫೋನ್ ಬಂತು. ತಂಡದ ಚರಿತ್ರೆ ಪುಸ್ತಕವಾಗುತ್ತಿದೆಯಂತೆ. ಮಾತಾಡಿದ ಹುಡುಗಿ ಹೊಸ ಅಧಿಕಾರಿ, ನನ್ನ ಕಾಲದ ಒಬ್ಬರನ್ನೂ ಕಂಡವಳಲ್ಲ. ದೊಡ್ಡ ಆಟಗಾರರದ್ದೆಲ್ಲ ಬರೆದಾಗಿದೆ, ಎಲೆಮರೆಯ ಕಾಯಿಗಳ ಹಾಗೆ ಇದ್ದವರ ಬಗ್ಗೆ ನೀವೊಂದು ಅಧ್ಯಾಯ ಬರೆದುಕೊಡಿ ಸಾರ್ ಎಂದಳು. ಒಪ್ಪಿಕೊಂಡೆ. ಪುಸ್ತಕಕ್ಕೆ ಹೆಸರುಗಳನ್ನು ಬರೆದುಕೊಟ್ಟಿದ್ದೇನೆ. ಇಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ. ಇರಬೇಕಾದ ಜಾಗದಲ್ಲಿ ಅವು ಇದ್ದರೆ ಸಾಕು.

ಬರೆಯಲು ಕೂತಾಗ ನೆನಪುಗಳು ಒಂದರ ಹಿಂದೆ ಒಂದು ಬಂದವು. ನಮ್ಮಲ್ಲಿ ಎರಡನೇ ಗೋಲ್‌ಕೀಪರ್ ಒಬ್ಬನಿದ್ದ. ಒಂಬತ್ತು ವರ್ಷ ಅಭ್ಯಾಸದಲ್ಲಿ ದಿನಾ ಬೆಳಗ್ಗೆ ಎಲ್ಲರ ಹೊಡೆತ ತಿಂದ. ಪಂದ್ಯದ ದಿನ ಬೆಂಚಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ಇನ್ನೊಬ್ಬ ಫುಲ್‌ಬ್ಯಾಕ್, ನಡುಗೆರೆ ದಾಟದವನು. ಫೋಟೋ ತೆಗೆಯುವವರೆಲ್ಲ ಎದುರಾಳಿಯ ಗೋಲಿನ ಪಕ್ಕ ನಿಲ್ಲುತ್ತಿದ್ದರಿಂದ ಅವನದೊಂದು ಒಳ್ಳೆಯ ಫೋಟೋ ಕೂಡ ಇಲ್ಲ. ಹೀಗೆ ನಾಲ್ಕು ಪುಟ ಆಯಿತು. ಅಷ್ಟರಲ್ಲಿ ಆ ಹುಡುಗಿ ಹಳೆಯ ಆಟಗಾರರ ಪಟ್ಟಿಯನ್ನು ಮೊಬೈಲಿಗೆ ಕಳಿಸಿ, ತಪ್ಪಿದ್ದರೆ ತಿದ್ದಿ ಎಂದಳು.

ಪಟ್ಟಿಯಲ್ಲಿ ನನ್ನ ಹಳೆಯ ಗೆಳೆಯ, ಅಲೀಪುರದವನ ಹೆಸರಿತ್ತು. ಅದರ ಮುಂದೆ ಒಂದೇ ಸಾಲು: ಮೆಟ್ಟಿಲಿನಿಂದ ಬಿದ್ದು ಮೊಣಕಾಲು ಮುರಿದುಕೊಂಡು ಆಟ ನಿಲ್ಲಿಸಿದರು.

ಮೊಬೈಲನ್ನು ಮಗುಚಿ ಇಟ್ಟೆ. ಆ ಮೆಟ್ಟಿಲನ್ನು ಕಟ್ಟಿದವನು ನಾನು.

ನಮ್ಮ ತಂಡದಲ್ಲಿ ಒಂದು ಪದ್ಧತಿ ಇತ್ತು. ಫೈನಲ್‌ಗೆ ಆಡುವ ಹದಿನಾರು ಜನರ ಹೆಸರನ್ನು ಹಿಂದಿನ ಸಂಜೆಯೇ ನಾನು ಬರೆದು, ಹಾಳೆಯ ಮೂಲೆಗೆ ಅರಿಶಿನ ಹಚ್ಚಿ, ಸೂಟ್‌ಕೇಸಿನಲ್ಲಿದ್ದ ದೇವರ ಪಟದ ಮುಂದೆ ಇಡುತ್ತಿದ್ದೆ. ಬೆಳಗ್ಗೆ ಅದೇ ಹಾಳೆ ಪಂದ್ಯದ ಅಧಿಕಾರಿಗಳಿಗೆ ಹೋಗಬೇಕು. ಒಮ್ಮೆ ಬರೆದ ಹೆಸರಿಗೆ ಗೀಟು ಹೊಡೆಯುವ ಹಾಗಿಲ್ಲ. ಎರಡು ಸಲ ಗೀಟು ಹೊಡೆದಿದ್ದೆ, ಎರಡು ಸಲವೂ ಸೋತಿದ್ದೆವು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಕೋಚ್ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ಆ ವರ್ಷ ಫೈನಲ್ ಬೇರೆ ರಾಜ್ಯದಲ್ಲಿತ್ತು. ಬೆಳಗ್ಗೆ ಎದ್ದಾಗ ನಮ್ಮ ರೈಟ್ ಹಾಫ್‌ಗೆ ಕೆಂಡದಂಥ ಜ್ವರ. ಅಲೀಪುರದವನು ಹದಿನೇಳನೆಯವನಾಗಿ, ಪಟ್ಟಿಯಲ್ಲಿಲ್ಲದೆ, ಅಭ್ಯಾಸಕ್ಕೆಂದು ಜೊತೆಗೆ ಬಂದಿದ್ದ. ಕೋಚ್ ನನ್ನನ್ನು ಕರೆದು, ಜ್ವರದವನ ಹೆಸರು ತೆಗೆದು ಇವನದು ಹಾಕಿ ಕೊಡಿ ಎಂದು ಹೇಳಿ ಮೈದಾನಕ್ಕೆ ಹೋದರು. ನಾನು ಪೆನ್ನು ತೆಗೆದೆ. ಹಾಳೆಯನ್ನೂ ಅರಿಶಿನವನ್ನೂ ನೋಡಿದೆ. ಕೈ ಬರಲಿಲ್ಲ. ಹೊಸ ಹಾಳೆಯಲ್ಲಿ ಬರೆಯಬಹುದಿತ್ತು, ಅದನ್ನೂ ಮಾಡಲಿಲ್ಲ. ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಹಾಳೆಯನ್ನು ಹಾಗೇ ಕೊಟ್ಟೆ. ಜ್ವರದವನ ಜರ್ಸಿಯನ್ನು ಇವನ ಕೈಗಿಟ್ಟೆ.

ಪೆನಾಲ್ಟಿ ಕಾರ್ನರ್ ನೋಡಿದವರಿಗೆ ಗೊತ್ತಿರುತ್ತದೆ. ಚೆಂಡನ್ನು ಬಲವಾಗಿ ಹೊಡೆಯಲು ಎದುರಾಳಿ ಸಿದ್ಧನಾಗಿರುತ್ತಾನೆ. ಗೋಲು ಕಾಯುವವರಲ್ಲಿ ಒಬ್ಬ ಅವನ ಎದುರಿಗೇ ಓಡಬೇಕು. ಅಂದರೆ ಚೆಂಡಿಗೆ ಮೈ ಕೊಡಲು ಓಡಬೇಕು. ಈಗಿನವರಿಗೆ ಮುಖಕ್ಕೆ ಮಾಸ್ಕ್, ಮೊಣಕಾಲಿಗೆ ಪ್ಯಾಡ್ ಇದೆ. ಆಗ ನಮ್ಮಲ್ಲಿ ಧೈರ್ಯವೊಂದೇ ಇತ್ತು. ಆ ದಿನ ಓಡಿದವನು ಇವನು. ನಾಲ್ಕು ಸಲ ಓಡಿದ. ನಾಲ್ಕನೆಯದು ಕೊನೆಯ ನಿಮಿಷದಲ್ಲಿ, ನಾವು ಒಂದು ಗೋಲು ಮುಂದಿದ್ದಾಗ. ಚೆಂಡು ಮೊಣಕಾಲಿನ ಚಿಪ್ಪಿಗೆ ಬಿದ್ದ ಶಬ್ದ ಬೆಂಚಿನವರೆಗೂ ಕೇಳಿತು. ಗೆದ್ದೆವು. ಎಲ್ಲರೂ ಕುಣಿಯುವಾಗ ಅವನು ಹುಲ್ಲಿನ ಮೇಲೇ ಮಲಗಿದ್ದ.

ಆಸ್ಪತ್ರೆಯಲ್ಲಿ ಹೇಗಾಯಿತು ಎಂದು ಕೇಳಿದರು. ಪಟ್ಟಿಯಲ್ಲಿ ಇಲ್ಲದವನು ಆಡಿದ್ದಾನೆಂದು ತಿಳಿದರೆ ಕಪ್ ವಾಪಸ್ ಹೋಗುತ್ತದೆ. ಇಳಿದುಕೊಂಡಿದ್ದ ಹಾಸ್ಟೆಲಿನ ಮೆಟ್ಟಿಲಿನಿಂದ ಬಿದ್ದ ಎಂದು ನಾನೇ ಬರೆಸಿದೆ. ಪಟ್ಟಿಯಲ್ಲಿ ಕಣ್ತಪ್ಪಾಯಿತೆಂದು ಕೋಚ್‌ಗೂ ತಂಡಕ್ಕೂ ಹೇಳಿದೆ, ಕಪ್ ಉಳಿಯಲೆಂದು ಎಲ್ಲರೂ ಅದೇ ಕಥೆಗೆ ಒಪ್ಪಿಕೊಂಡರು. ಸ್ಟ್ರೆಚರ್ ಮೇಲಿದ್ದವನು ನನ್ನನ್ನೇ ನೋಡಿ, ಪರವಾಗಿಲ್ಲ ಬಿಡು ಎಂದ. ಮರುದಿನದ ಪತ್ರಿಕೆ ಜ್ವರದವನ ಧೈರ್ಯವನ್ನು ಹೊಗಳಿತ್ತು. ಆ ಪಾಪದವನು ತನ್ನ ಪದಕವನ್ನು ತಂದು ಇವನ ದಿಂಬಿನ ಪಕ್ಕ ಇಟ್ಟ. ಇವನು ಹಿಂದಕ್ಕೆ ಕೊಟ್ಟ. ಜ್ವರದವನು ಈಗ ಇಲ್ಲ.

ಮೊಣಕಾಲು ಮತ್ತೆ ಸರಿಯಾಗಲಿಲ್ಲ. ಅವನನ್ನು ಕಾರ್ಖಾನೆಯ ಸ್ಟೋರಿಗೆ ಹಾಕಿದರು. ಹೊಸ ಹುಡುಗರು ಅವನಿಗೆ 'ಮೆಟ್ಟಿಲು' ಎಂದೇ ಅಡ್ಡಹೆಸರಿಟ್ಟರು. ಕ್ಯಾಂಟೀನಿನಲ್ಲಿ ಹಾಗೆ ಕರೆದಾಗ ನಾನೂ ನಕ್ಕಿದ್ದೇನೆ. ಆ ನಗುವನ್ನು ನೆನೆದರೆ ನನಗೆ ಇವತ್ತಿಗೂ ಅಸಹ್ಯವಾಗುತ್ತದೆ.

ಫೋನಿನಲ್ಲಿ ಹೇಳುವ ಮಾತಲ್ಲವಾದ್ದರಿಂದ ಅವನನ್ನು ನೋಡಲು ಬಸ್ ಹತ್ತಿದೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದವರು ಖಾಲಿ ಚೀಲ ಮಡಚಿಕೊಂಡು ಹತ್ತಿದರು. ಚಿಕ್ಕಬಳ್ಳಾಪುರದಲ್ಲಿ ಬಸ್ ಬದಲಾಯಿಸಿದೆ. ಬೆಳಗಿನ ಜಾವ ಸ್ಕಂದಗಿರಿ ಹತ್ತಿ ಇಳಿದ ಹುಡುಗ ಹುಡುಗಿಯರು ಬೆನ್ನಚೀಲ ಹಾಕಿಕೊಂಡೇ ಬೆಂಚುಗಳ ಮೇಲೆ ನಿದ್ದೆ ಹೋಗಿದ್ದರು. ಬೆಟ್ಟ ಹತ್ತದೆಯೇ ನನಗೆ ಅವರಿಗಿಂತ ಹೆಚ್ಚು ಆಯಾಸವಾಗಿತ್ತು. ದಾರಿಯುದ್ದಕ್ಕೂ ಪುಸ್ತಕಕ್ಕೆಂದು ತಿದ್ದಿ ಬರೆದು ಜೇಬಿನಲ್ಲಿಟ್ಟಿದ್ದ ಹಾಳೆಯನ್ನು ತೆಗೆದು ಓದಿ ಮಡಚುತ್ತಿದ್ದೆ. ಗೌರಿಬಿದನೂರಿನಿಂದ ಆಟೋ ಹಿಡಿದು ಅಲೀಪುರ ತಲುಪಿದಾಗ ಮಧ್ಯಾಹ್ನ.

ಮನೆಯ ಮುಂದೆ ಇದ್ದದ್ದು ಮೂರೇ ಮೆಟ್ಟಿಲು. ಎರಡೂ ಕಡೆ ದಪ್ಪ ಕಬ್ಬಿಣದ ಕಂಬಿ. ಮೂರು ಮೆಟ್ಟಿಲಿಗೆ ಇಷ್ಟೊಂದು ಕಂಬಿ ಯಾಕೋ ಎಂದುಕೊಂಡು ಹತ್ತಿದೆ.

ಅವನು ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದ. ಊಟದ ಹೊತ್ತಿಗೆ ಸರಿಯಾಗಿ ಬಂದೆ ಎಂದು ಛೇಡಿಸಿದ. ಸೊಸೆ ಚಹಾ ತಂದಿಟ್ಟಳು. ಮೊಬೈಲಿನಲ್ಲಿದ್ದ ಸಾಲನ್ನು ತೋರಿಸಿದೆ. ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಆಮೇಲೆ ನಾನು ಬರೆದಿದ್ದ ಹಾಳೆ ಕೊಟ್ಟೆ. ಆ ಫೈನಲ್‌ನಲ್ಲಿ ಆಡಿದವನು, ಗೋಲು ಉಳಿಸಿದವನು ಇವನೇ, ಕಣ್ತಪ್ಪಿನಿಂದ ಪಟ್ಟಿಯಲ್ಲಿ ಬೇರೆ ಹೆಸರು ಉಳಿಯಿತು ಎಂದು ಬರೆದಿದ್ದೆ. ಅವನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ.

"ಕಣ್ತಪ್ಪಲ್ಲ ಕಣೋ ಇದು. ನೀನು ಗೊತ್ತಿದ್ದೂ ಗೊತ್ತಿದ್ದೂ ಕೊಟ್ಟೆ. ನಾನು ಪಕ್ಕದಲ್ಲೇ ನಿಂತಿದ್ದೆ."

ಅವನಿಗೆ ಗೊತ್ತಿತ್ತೆಂಬುದು ನನಗೆ ಗೊತ್ತಿರಲಿಲ್ಲ. ಅವತ್ತು ನೀನೇ ಪರವಾಗಿಲ್ಲ ಅಂದೆಯಲ್ಲ ಎಂದು ತಡವರಿಸಿದೆ.

"ಸ್ಟ್ರೆಚರ್ ಮೇಲೆ ಮಲಗಿರೋನು ಇನ್ನೇನಪ್ಪ ಹೇಳ್ತಾನೆ? ಒಂದು ಸಲ ಹೇಳ್ದೆ. ನೀನು ಅದನ್ನೇ ತಲೆ ಕೆಳಗೆ ಇಟ್ಕೊಂಡು ಇಷ್ಟು ವರ್ಷ ಮಲಗಿಬಿಟ್ಟೆ. ನಾನು ಮಾತ್ರ ನೀನು ಬರ್ತೀಯ, ಬರ್ತೀಯ ಅಂತ ನೋಡ್ತಾನೇ ಇದ್ದೆ."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಕಪ್ ಇನ್ನೂ ಕಾರ್ಖಾನೆಯ ಗಾಜಿನ ಬೀರುವಿನಲ್ಲಿದೆ, ಈಗ ಇದೆಲ್ಲ ಬರೆದರೆ ಏನಾಗುತ್ತದೋ ಎಂದೆ. ಹೋದರೆ ಹೋಗಲಿ, ಎಂದ. ಅದು ಅಷ್ಟು ವರ್ಷ ನಿಂತಿರುವುದು ತನ್ನ ಕಾಲಿನ ಮೇಲಂತೆ.

ನಾನು ಪೆನ್ನು ತೆಗೆದೆ. 'ಕಣ್ತಪ್ಪಿನಿಂದ' ಎಂಬುದರಿಂದ ಸಾಲಿನ ಕೊನೆಯವರೆಗೂ ಗೀಟು ಹೊಡೆದೆ. ಎಷ್ಟೋ ವರ್ಷಗಳ ಮೇಲೆ ಗೀಟು ಹೊಡೆದದ್ದು ಅದೇ ಮೊದಲು. ಮೇಲೆ ಬರೆದೆ: ಗೀಟು ಹೊಡೆದರೆ ಸೋಲುತ್ತೇವೆಂದು ಹೆದರಿ ಹೆಸರು ಬದಲಾಯಿಸದೆ ಪಟ್ಟಿ ಕೊಟ್ಟವನು ತಂಡದ ಮ್ಯಾನೇಜರ್ ಆದ ನಾನು. ಮೆಟ್ಟಿಲಿನ ಕಥೆ ಕಟ್ಟಿದವನೂ ನಾನೇ.

ಅಷ್ಟರಲ್ಲಿ ಅವನ ಮಗ ಊಟಕ್ಕೆ ಬಂದ. ನಲವತ್ತರ ಆಸುಪಾಸಿನ, ಉಂಗುರದ ಹರಳಿನ ವ್ಯಾಪಾರ ಮಾಡುವ ಗಂಭೀರ ಮನುಷ್ಯ. ಗೆಳೆಯ ಅವನನ್ನು ಕೂರಿಸಿ, ಈಗ ಗಟ್ಟಿಯಾಗಿ ಓದು ಎಂದು ನನಗೆ ಹೇಳಿದ. ಓದಿದೆ. ನನ್ನ ದನಿ ನನಗೇ ಬೇರೆಯವರದರಂತೆ ಕೇಳಿಸುತ್ತಿತ್ತು. ಮಗ ಅಪ್ಪನ ಮೊಣಕಾಲನ್ನೇ ನೋಡುತ್ತಿದ್ದ.

"ಅಪ್ಪ ನಮಗೂ ಮೆಟ್ಟಿಲಿಂದ ಬಿದ್ದೆ ಅಂತಾನೇ ಹೇಳಿದ್ರು" ಎಂದ ಮಗ ನನ್ನ ಕಡೆ ತಿರುಗಿ. "ಹೊರಗಡೆ ಕಂಬಿ ಇದೆಯಲ್ಲ ಸಾರ್, ಅದನ್ನ ಅಜ್ಜಿ ಹಾಕ್ಸಿದ್ದು. ನಾವು ಮಕ್ಕಳೆಲ್ಲ ಅದನ್ನ ಹಿಡೀದೆ ಇಳಿದ್ರೆ ಅಜ್ಜಿ ಅಳ್ತಿದ್ರು." ಆಮೇಲೆ ಅಪ್ಪನನ್ನು ಕೇಳಿದ, "ಅಜ್ಜಿಗಾದ್ರೂ ಗೊತ್ತಿತ್ತಾ?"

ಗೆಳೆಯ ಇಲ್ಲವೆಂದು ತಲೆಯಾಡಿಸಿದ. ಅವನ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು.

ನನ್ನ ಮೊಬೈಲಿನಲ್ಲಿ ಹಾಳೆಯ ಫೋಟೋ ತೆಗೆದು ಮಗನೇ ಆ ಅಧಿಕಾರಿ ಹುಡುಗಿಗೆ ಕಳಿಸಿದ. ಮೇಲಿನವರನ್ನು ಕೇಳಬೇಕು ಎಂದು ಅವಳಿಂದ ಉತ್ತರ ಬಂತು. ಪುಸ್ತಕ ಇನ್ನೂ ಬಂದಿಲ್ಲ. ಏನು ಅಚ್ಚಾಗುತ್ತದೋ ನನಗೆ ಗೊತ್ತಿಲ್ಲ. ಊಟ ಮಾಡದೆ ಕಳಿಸುವುದಿಲ್ಲ ಎಂದರು, ಊಟ ಮಾಡಿದೆ. ಏನು ತಿಂದೆನೆಂದು ನೆನಪಿಲ್ಲ.

ಹೊರಟಾಗ ಅವನು ಗೋಡೆ ಹಿಡಿದುಕೊಂಡು ಬಾಗಿಲವರೆಗೂ ಬಂದ. ನಾನು ಮೊದಲ ಮೆಟ್ಟಿಲಿನ ಮೇಲೆ ನಿಂತೆ. ಆ ಕಂಬಿಯನ್ನು ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಕೈಯನ್ನು ಜೇಬಿಗೆ ಹಾಕಿಕೊಂಡೆ.

"ಹಿಡ್ಕೊಂಡು ಇಳಿಯೋ" ಎಂದ ಹಿಂದಿನಿಂದ. "ವಯಸ್ಸಾಗಿದೆ, ನಿಜವಾಗ್ಲೂ ಬೀಳ್ತೀಯ."

ಹಿಡಿದುಕೊಂಡೇ ಇಳಿದೆ.