ಮೂಲೆ ಹರಿದ ಕಾಗದ

ಅವಳ ಎಡಗೈಯ ತೋರುಬೆರಳಿನ ತುದಿಯ ತುಂಬ ಕಪ್ಪು ಚುಕ್ಕಿಗಳಿದ್ದವು. ವರ್ಷಗಟ್ಟಲೆ ಕೌದಿ ಹೊಲಿದು ಸೂಜಿ ಚುಚ್ಚಿಸಿಕೊಂಡ ಗುರುತು. ಒದ್ದೆ ಬೆರಳಿಗೆ ಎಳ್ಳು ಅಂಟಿದ ಹಾಗೆ ಕಾಣುತ್ತಿತ್ತು. ನಾನು ಕಾಗದ ಓದುವಾಗ ಆ ಬೆರಳನ್ನು ಸಾಲಿನ ಕೆಳಗಿಟ್ಟು ನನ್ನ ದನಿಯ ಜೊತೆಗೇ ಸರಿಸುತ್ತಿದ್ದಳು. ಅವಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ನಾನು ತಡವರಿಸಿದರೆ ಬೆರಳು ನಿಲ್ಲುತ್ತಿತ್ತು. ಪ್ರತಿ ಕಾಗದವನ್ನೂ ಎರಡು ಸಲ ಓದಬೇಕಿತ್ತು. ಎರಡನೇ ಸಲ ಒಂದು ಶಬ್ದ ಹೆಚ್ಚುಕಡಿಮೆಯಾದರೂ ಆ ಬೆರಳು ಕಾಗದವನ್ನು ಮೆಲ್ಲಗೆ ಒಮ್ಮೆ ತಟ್ಟುತ್ತಿತ್ತು.

ಅವಳನ್ನು ನಾನು ಚಿಗವ್ವ ಅನ್ನುತ್ತಿದ್ದೆ. ಅವಳು ನಮ್ಮ ಬಳಗದವಳಲ್ಲ. ನನಗೆ ಹದಿನಾಲ್ಕು ವರ್ಷವಿದ್ದಾಗ ಶಾಲೆಯ ಬಾಗಿಲಿನಿಂದ ನನ್ನನ್ನು ಕದ್ದೊಯ್ದು ಇಪ್ಪತ್ತಮೂರು ದಿನ ತನ್ನ ಮನೆಯಲ್ಲಿ ಕೂಡಿಹಾಕಿದ್ದಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನನ್ನ ಮಾತಿನಲ್ಲಿ ಅಕ್ಕರೆ ಕಂಡರೆ ಅದು ನನ್ನದು. ಅವಳು ಮಾಡಿದ್ದು ಏನೆಂಬುದು ಅದರಿಂದ ಬದಲಾಗುವುದಿಲ್ಲ.

ನಾಗಪುರ ಇನ್ನೂ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಕಾಲ. ಅಪ್ಪ ರೈಲ್ವೆಯಲ್ಲಿ ಗುಮಾಸ್ತ. ನಾವು ಧಾರವಾಡದ ಕಡೆಯವರು. ನಾನು ಓದುತ್ತಿದ್ದುದು ಮರಾಠಿ ಶಾಲೆಯಲ್ಲಿ. ಸಂಜೆ ಅವ್ವ ನನ್ನನ್ನು ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಕೂಡಿಸಿ ಕನ್ನಡ ಓದಿಸುತ್ತಿದ್ದಳು. ನಾನು ಒತ್ತಕ್ಷರಕ್ಕೆಲ್ಲ ಎಡವುತ್ತಿದ್ದೆ. "ನಾಳೆ ಊರಿಗೆ ಕಾಗದ ಯಾರು ಬರೀತಾರ? ನಿನ್ನ ಮಾಸ್ತರ ಬಂದು ಬರೀತಾನೇನು?" ಎಂದು ಅವ್ವ ಬೈಯುತ್ತಿದ್ದಳು. ಹಾಗೆ ಬೈಯುತ್ತಿದ್ದ ಒಂದು ಸಂಜೆ, ಹೆಗಲ ಮೇಲೆ ಕೌದಿಗಳ ಗಂಟು ಹೊತ್ತ ಹೆಂಗಸೊಬ್ಬಳು ನಮ್ಮ ಓಣಿಯಲ್ಲಿ ನಿಂತಿದ್ದಳು. ಮಾರಲು ಕೂಗಲಿಲ್ಲ. ಪಾಠ ಮುಗಿಯುವವರೆಗೆ ನಿಂತು ಕೇಳಿ ಹೋದಳು. ಅವ್ವ ಅತ್ತ ನೋಡಲೂ ಇಲ್ಲ.

ದೀಪಾವಳಿ ರಜೆ ಮುಗಿದು ಶಾಲೆ ಶುರುವಾದ ದಿನ ಅದೇ ಹೆಂಗಸು ಶಾಲೆಯ ಮುಂದೆ ನಿಂತಿದ್ದಳು. "ನಿಮ್ಮವ್ವ ನಮ್ಮನಿಗೆ ಕೌದಿ ನೋಡಾಕ ಬಂದಾಳ. ನಿನ್ನೂ ಕರಕೊಂಡು ಬಾ ಅಂದಾಳ" ಅಂದಳು. ಕನ್ನಡದಲ್ಲಿ ಅಂದಳು. ಆ ಊರಿನಲ್ಲಿ ಕನ್ನಡದವರು ಅಂದರೆ ನಮಗೆ ಮನೆಯವರಿದ್ದ ಹಾಗೆ. ನಾನು ಎರಡು ಮಾತಾಡದೆ ಟಾಂಗಾ ಹತ್ತಿದೆ.

ಈಗ ಲಕ್ಷ್ಮೀ ನಗರಕ್ಕೆ ಹೋದವರಿಗೆ ನಂಬಲಾಗದು, ಆಗ ಅಲ್ಲಿ ಮನೆಗಳಿಗಿಂತ ಸುಣ್ಣ ಬಳಿದ ಗಡಿಕಲ್ಲುಗಳೇ ಹೆಚ್ಚಿದ್ದವು. ಆ ಬಿಳಿ ಕಲ್ಲುಗಳ ನಡುವೆ ಅವಳದೊಂದೇ ಹೆಂಚಿನ ಮನೆ. ಒಳಗೆ ಅವ್ವ ಇರಲಿಲ್ಲ. ಬಾಗಿಲು ಮುಚ್ಚಿತು. ನಾನು ಚೀರಿದೆ. ಅವಳು ತಡೆಯಲಿಲ್ಲ. ಒಲೆ ಹೊತ್ತಿಸುತ್ತ, "ಚೀರವ್ವ, ಸಾಕಾಗೂತನ ಚೀರು. ಕೇಳವ್ರು ಇಲ್ಲಿ ಯಾರಿಲ್ಲ. ಗಂಟಲಕ ಬಿಸಿನೀರು ಕಾಸಿಡ್ತೀನಿ" ಅಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಮರುದಿನ ನನ್ನ ನೀಲಿ ಲಂಗವನ್ನು ಕತ್ತರಿಸಿ ಚೌಕ ಚೌಕ ತುಂಡು ಮಾಡಿ ಒಂದು ಕೌದಿಗೆ ಹೊಲಿದಳು. ಶಾಲೆಯ ಬಟ್ಟೆ ಗುರುತು ಹಿಡಿಯುವಂಥದು ಎಂದು ಅವಳಿಗೆ ಗೊತ್ತಿತ್ತು. ಕಡೆಯ ಮೂಲೆ ಮುಚ್ಚುವ ಮುಂಚೆ, ಕೌದಿ ಹೊಲಿಯುವವರ ಪದ್ಧತಿಯಂತೆ, ಕೌದಿಯ ಹೊಟ್ಟೆ ಬರಿದಾಗಿರಬಾರದೆಂದು ರೊಟ್ಟಿಯ ಚೂರೊಂದನ್ನು ಒಳಗಿಟ್ಟಳು. ಅದರ ಜೊತೆಗೆ ನನ್ನ ಜಡೆಯ ರಿಬ್ಬನ್ನನ್ನೂ ಇಟ್ಟಳು. ಆ ಕೌದಿಯನ್ನು ಯಾರೋ ಕೊಂಡರು. ಅದನ್ನು ಹೊದ್ದು ಯಾರು ಮಲಗಿದರೋ.

ನನ್ನನ್ನು ತಂದದ್ದು ಒಂದು ತಗಡಿನ ಟ್ರಂಕಿಗಾಗಿ. ಅದರಲ್ಲಿ ಅವಳ ಅಕ್ಕ ವಿಜಾಪುರದ ಕಡೆಯ ಹಳ್ಳಿಯಿಂದ ತಿಂಗಳಿಗೊಂದರಂತೆ ಬರೆದ ಕಾಗದಗಳಿದ್ದವು. ಗಿರಣಿಯಲ್ಲಿದ್ದ ಗಂಡ ಬದುಕಿರುವವರೆಗೆ ಅವನೇ ಓದಿ ಹೇಳುತ್ತಿದ್ದ. ಅವನು ಸತ್ತ ಮೇಲೆ ಬಂದವೆಲ್ಲ ಹಾಗೇ ಉಳಿದಿದ್ದವು. ಒಮ್ಮೆ ಕನ್ನಡ ಬಲ್ಲ ಒಬ್ಬರ ಹತ್ತಿರ ಒಯ್ದಿದ್ದಳಂತೆ. "ಅಂವ ಎರಡೂ ಮಗ್ಗಲ ನೋಡಿ, ಎಲ್ಲಾರೂ ಅರಾಮ ಅದಾರ ತಗೋ ಅಂದ. ಇಷ್ಟುದ್ದ ಕಾಗದದಾಗ ಅಷ್ಟ ಇರ್ತೈತೇನು? ನನಗ ನಮ್ಮಕ್ಕನ ಪ್ರತಿಯೊಂದು ಮಾತೂ ಬೇಕಿತ್ತು."

ಟ್ರಂಕಿನ ತಳದಲ್ಲಿ, ಎಲ್ಲಕ್ಕೂ ಕೆಳಗೆ, ಒಂದು ಕಾರ್ಡು ಬೋರಲಾಗಿತ್ತು. ಅದರ ಒಂದು ಮೂಲೆ ಹರಿದಿತ್ತು. ಮೂಲೆ ಹರಿದು ಕಳಿಸಿದರೆ ಸಾವಿನ ಸುದ್ದಿ ಎಂದು ನಮ್ಮ ಕಡೆ ಅಕ್ಷರ ಬಾರದವರಿಗೂ ಗೊತ್ತು. ಅಂಥ ಕಾಗದವನ್ನು ಮನೆಯಲ್ಲಿಡುವುದಿಲ್ಲ. ಬಾಗಿಲ ಹೊರಗೇ ಓದಿ, ಹರಿದು, ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಇವಳು ಮಾತ್ರ ಅದನ್ನು ಎರಡು ವರ್ಷದಿಂದ ಇಟ್ಟುಕೊಂಡಿದ್ದಳು.

"ಮ್ಯಾಲಿಂದ ಓದಕೋತ ಬಾ. ಅದು ಕಡೀಕ. ಅದನ್ನ ಓದಿದ ಮ್ಯಾಲೆ ನಿನ್ನ ಬಿಡ್ತೀನಿ" ಅಂದಳು.

ಹೀಗೆ ಶುರುವಾಯಿತು. ದಿನಕ್ಕೆ ಎರಡು, ಕೆಲವೊಮ್ಮೆ ಮೂರು. ಮುಂಜಾನೆ ಅವಳು ಹೊರಗಿನಿಂದ ಕೀಲಿ ಹಾಕಿ ಕೌದಿ ಮಾರಲು ಹೋಗುವಳು. ಮಧ್ಯಾಹ್ನ ಬಂದು ರೊಟ್ಟಿ ಬಡಿದು, ಶೇಂಗಾ ಚಟ್ನಿ ಹಚ್ಚಿ, ನನಗೆ ಉಣಿಸಿ, ಕೈ ತೊಳೆದುಕೊಂಡು ಟ್ರಂಕಿನ ಮುಂದೆ ಕೂರುವಳು. ಒಣಗಿಸಿದ ಕಿತ್ತಳೆ ಸಿಪ್ಪೆಯ ವಾಸನೆ ಟ್ರಂಕಿನಿಂದ ಮೇಲೇಳುತ್ತಿತ್ತು, ಹುಳ ಬೀಳದಿರಲೆಂದು ಹಾಕಿದ್ದು. ನಾನು "ತಂಗೀಗೆ ಅಕ್ಕನ ಆಶೀರ್ವಾದಗಳು" ಎಂದು ಓದತೊಡಗಿದ ಕೂಡಲೇ ಅವಳ ದನಿಯೇ ಬೇರೆಯಾಗುತ್ತಿತ್ತು. ನನ್ನನ್ನು ನೋಡುತ್ತಿರಲಿಲ್ಲ. ನನ್ನ ಭುಜದ ಹಿಂದೆ ಸ್ವಲ್ಪ ಎತ್ತರದಲ್ಲಿ ನೋಡುತ್ತ ಉತ್ತರ ಕೊಡುತ್ತಿದ್ದಳು.

"ಅಕ್ಕಾ, ಮಣಕಾಲ ಬ್ಯಾನಿಗೆ ಎಕ್ಕಿ ಎಲಿ ಕಟ್ಟಬೇ. ನಾ ಹೇಳಿರಲಿಲ್ಲೇನು ನಿನಗ?"

ಹೇಳಿ ಅತ್ತಲೇ ಕಿವಿಗೊಡುವಳು. ಆಮೇಲೆ ತಲೆಯಾಡಿಸುವಳು. ಕಾಗದ ಮಡಿಸಿದರೆ ನಾನು ಮತ್ತೆ "ಏ ಹುಡುಗಿ".

ಒಂದು ದಿನ ಎಮ್ಮೆಗೆ ದಿನ ತುಂಬಿದೆ ಎಂದು ಕಾಗದದಲ್ಲಿತ್ತು. "ಈದರ ಹೇಳಬೇ ಅಕ್ಕಾ, ಗಂಡೋ ಹೆಣ್ಣೋ" ಅಂದಳು. ಮರುದಿನದ ಕಾಗದ ತೆಗೆದೆ. ಮೊದಲ ಸಾಲೇ, "ಎಮ್ಮಿ ಹೆಣ್ಣುಗರ ಹಾಕಿತು, ಕೇಳತಿದ್ದಿ ಅಲ್ಲಾ." ನನ್ನ ಮೈ ಜುಮ್ಮೆಂದಿತು. ಅಕ್ಕ ಅದನ್ನು ಯಾವ ಕಾಲಕ್ಕೋ ಬರೆದಿದ್ದಳು, ತಂಗಿಯ ಸ್ವಭಾವ ಗೊತ್ತಿದ್ದೇ ಬರೆದಿದ್ದಳು. ಅದೆಲ್ಲ ಈಗ ತಿಳಿಯುತ್ತದೆ. ಆವತ್ತು ಮಾತ್ರ ನಾನು ಮೊದಲ ಸಲ ಹಿಂತಿರುಗಿ ನನ್ನ ಭುಜದ ಹಿಂದೆ ನೋಡಿದೆ. ಚಿಗವ್ವ ನಕ್ಕಳು. "ನಿನಗೂ ಕಾಣಾಕ ಹತ್ತಿದ್ಲೇನು?" ಅಂದಳು.

ಹೆದರಿಕೆ ಯಾವ ದಿನ ಹೋಯಿತೋ ಗೊತ್ತಿಲ್ಲ. ಮಧ್ಯಾಹ್ನ ಕೀಲಿಯ ಸದ್ದಾದರೆ ನನ್ನ ಎದೆ ಹಗುರಾಗುತ್ತಿತ್ತು. ಅವಳು ತಡವಾಗಿ ಬಂದರೆ ಸಿಟ್ಟು ಬರುತ್ತಿತ್ತು. ಬೆನ್ನ ಹಿಂದೆ ಕೂತು ಎಣ್ಣೆ ಹಚ್ಚಿ ತಲೆ ಬಾಚುವಾಗ ಆ ಎಳ್ಳಿನ ಬೆರಳು ಬೈತಲೆ ಗುಂಟ ಸರಿಯುತ್ತಿತ್ತು, ಸಾಲು ಓದಿದ ಹಾಗೆ. ನಾನು ತಡವರಿಸದೆ ಓದತೊಡಗಿದ್ದೆ. ಟ್ರಂಕು ಬರಿದಾಗುವುದು ಕಂಡು ಬೇಕೆಂದೇ ಮತ್ತೆ ತಡವರಿಸತೊಡಗಿದೆ.

ಈಗ ಬರೆಯಲಿಕ್ಕೆ ಕಷ್ಟವಾದ ಮಾತು. ಹದಿನೆಂಟನೆಯದೋ ಹತ್ತೊಂಬತ್ತನೆಯದೋ ದಿನದ ಮಧ್ಯಾಹ್ನ, ನಾವು ಕಾಗದದ ನಡುವಿದ್ದಾಗ, ಹೊರಗೆ ಸೈಕಲ್ಲು ನಿಂತ ಸದ್ದಾಯಿತು. ಅಪ್ಪನ ದನಿ. ಆ ಬಿಳಿ ಕಲ್ಲುಗಳ ಬಯಲಿನಲ್ಲಿ ನನ್ನ ಹೆಸರು ಹಿಡಿದು ಕರೆಯುತ್ತಿದ್ದರು. ಕರೆದು ಕರೆದು ದನಿ ಒಡೆದಿತ್ತು. ನಮ್ಮ ನಡುವೆ ಒಂದು ಗೋಡೆ.

ನಾನು ದನಿ ತಗ್ಗಿಸಿ ಮುಂದಿನ ಸಾಲು ಓದಿದೆ.

ಬೆರಳು ಸರಿಯಲಿಲ್ಲ. ತಲೆ ಎತ್ತಿ ನೋಡಿದೆ. ಚಿಗವ್ವ ನನ್ನನ್ನೇ ನೋಡುತ್ತಿದ್ದಳು. ಸಿಕ್ಕಿಬೀಳುವ ಅಂಜಿಕೆ ಅದಲ್ಲ. ಆವತ್ತು ಅವಳು ನನಗೆ ಹೆದರಿದ್ದಳು.

"ನಿಮ್ಮಪ್ಪೇನು?" ಅಂದಳು.

"ಓದಲೇನು ಚಿಗವ್ವಾ?" ಅಂದೆ.

ಸೈಕಲ್ಲು ಹೋಯಿತು.

ಮರುದಿನದಿಂದ ಅವಳು ಕೌದಿ ಮಾರಲು ಹೋಗಲಿಲ್ಲ. ದಿನಕ್ಕೆ ನಾಲ್ಕು, ಐದು ಕಾಗದ ಓದಿಸತೊಡಗಿದಳು. ಉತ್ತರ ಕೊಡುವುದನ್ನೂ ಅವಸರದಲ್ಲಿ ಮುಗಿಸುತ್ತಿದ್ದಳು. ಇಪ್ಪತ್ತಮೂರನೆಯ ದಿನ ಮುಂಜಾನೆ ಕಾರ್ಡೊಂದೇ ಉಳಿಯಿತು. ಅದನ್ನು ಓದಲಿಕ್ಕೆ ಹಿತ್ತಲಿನ ಬಾಗಿಲಿನಾಚೆ ಕರೆದೊಯ್ದಳು. ಅಷ್ಟು ದಿನದ ಮೇಲೆ ಮೊದಲ ಸಲ ಕಂಡ ಬಿಸಿಲು ನನ್ನ ಕಣ್ಣು ಕುಕ್ಕಿತು.

ಕಾರ್ಡಿನಲ್ಲಿ ಮೂರೇ ಸಾಲು. ಬರೆದವನು ಅಕ್ಕನ ಮಗ. "ನಮ್ಮ ಅವ್ವ ಹೋದ ಗುರುವಾರ ತೀರಿಕೊಂಡಳು. ಕಡೀತನಕ ನಿನ್ನ ಹೆಸರು ಅಂತಿದ್ದಳು. ತಿಳಿದ ಕೂಡಲೆ ಸ್ನಾನ ಮಾಡುವುದು."

ಬೆರಳು ಸಾಲಿನ ಕೆಳಗೆ ಕಾದಿತ್ತು. ನಾನು ಓದಿದೆ, "ನಮ್ಮ ಅವ್ವನ ಅತ್ತಿ ತೀರಿಕೊಂಡಳು. ಅವ್ವ ಅರಾಮ ಅದಾಳ. ಮುಂದಿನ ತಿಂಗಳ ನಿನಗ ಕಾಗದ ಬರೀತಾಳ."

ಅವಳಿಗೆ ಅಳು ಬರಬಾರದೆಂದು ಹಾಗೆ ಓದಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಇನ್ನೂ ಕಾಗದ ಬರುವುದಿದ್ದರೆ ಓದಲಿಕ್ಕೆ ನಾನು ಬೇಕಾಗುತ್ತೇನೆ ಎಂಬುದು ಇನ್ನರ್ಧ.

"ಇನ್ನೊಮ್ಮಿ" ಅಂದಳು.

ಸುಳ್ಳನ್ನು ಎರಡು ಸಲ ಒಂದೇ ತೆರನಾಗಿ ಓದಲು ನನಗೆ ಬರಲಿಲ್ಲ. ಬೆರಳು ಕಾರ್ಡನ್ನು ತಟ್ಟಿತು. ಮತ್ತೆ ತಟ್ಟಿತು.

"ಅಕ್ಕನ ಅತ್ತಿ ನನ್ನ ಲಗ್ನಕಿಂತ ಮೊದಲ ಸತ್ತಾಳ" ಅಂದಳು. ತುಟಿಯಲ್ಲಿ ನಗು ಬಂದ ಹಾಗಾಯಿತು. "ಇರಲಿ ಬಿಡು. ಓದಬ್ಯಾಡ. ಗೊತ್ತಾತು."

ಎದ್ದು, ಉಟ್ಟ ಸೀರೆಯಲ್ಲೇ ಬಾನಿಯಿಂದ ತಣ್ಣೀರು ಮೊಗೆದು ತಲೆಗೆ ಸುರುವಿಕೊಂಡಳು. ಆ ಚಳಿಯಲ್ಲಿ ಒಂದರ ಮೇಲೊಂದು ತಂಬಿಗೆ. ಅಳಲಿಲ್ಲ. ಮುಗಿದ ಮೇಲೆ ಮುಂಬಾಗಿಲಿನ ಕೀಲಿ ತೆಗೆದಳು.

"ನಡಿ ಇನ್ನ."

"ನಾ ಹೋಗೂದಿಲ್ಲ. ನಾ ಇಲ್ಲೇ ಇರ್ತೀನಿ."

"ಹುಚ್ಚಿ" ಅಂದಳು. ಒದ್ದೆ ಸೆರಗಿನಿಂದ ನನ್ನ ಮುಖ ಒರೆಸಿದಳು. "ನಾ ಎರಡು ವರ್ಷ ಇದನ್ನ ಮನ್ಯಾಗ ಇಟಗೊಂಡು ಕುಂತೀನಿ. ನಿಮ್ಮವ್ವಗ ಮೂಲಿ ಹರಿದ ಕಾಗದಾನೂ ಇಲ್ಲ, ಬ್ಯಾರೆ ಕಾಗದಾನೂ ಇಲ್ಲ. ಅಕಿ ಹ್ಯಾಂಗ ಕುಂತಿರಬೇಕು? ನಾ ಅದನ್ನ ಕೇಳಕೊಳ್ಳಲಿಲ್ಲ. ಆವತ್ತ ನಿಮ್ಮಪ್ಪನ ದನಿ ಕೇಳಿದ ಮ್ಯಾಲೆ ತಿಳೀತು."

ರೈಲ್ವೆ ಗೇಟಿನವರೆಗೆ ಬಂದಳು. ಕಾರ್ಡನ್ನು ನನ್ನ ಕೈಗಿಟ್ಟು, "ಇದನ್ನ ದಾರ್ಯಾಗ ಹರದು ಚೆಲ್ಲು. ಮನ್ಯಾಗ ಇಡಬಾರದು" ಅಂದಳು. ತಿರುಗಿ ನೋಡದೆ ಹೋದಳು.

ಮನೆಯಲ್ಲಿ ಅವ್ವ ನನ್ನನ್ನು ಕಂಡು ಕೂತಲ್ಲಿಂದ ಏಳಲಾರದೆ ಹೋದಳು. ಕೇಳಿದ್ದು ಒಂದೇ. "ಅಲ್ಲೆ ಗಂಡಸರಿದ್ದರೇನು?" ಇಲ್ಲ ಅಂದೆ. ಪೊಲೀಸರಿಗೆ ಮನೆಯ ಗುರುತು ಹೇಳಲಿಲ್ಲ, ನೆನಪಿಲ್ಲ ಎಂದೆ. ಆವತ್ತು ಅವರ ದನಿ ನನಗೆ ಕೇಳಿತ್ತೆಂದು ಅಪ್ಪನಿಗೆ ಎಂದೂ ಹೇಳಲಿಲ್ಲ. ಮುಂದೆ ಅವರು ತೀರಿಕೊಂಡರು, ನಾನು ಹೇಳದೆಯೇ. ನಾನು ಮನೆಗೆ ಮರಳಿದ ಕೆಲವು ದಿನದ ಮೇಲೆ ಅವ್ವ ರೊಟ್ಟಿ ಬಡಿಯುವುದು ಬಿಟ್ಟು ನನ್ನನ್ನೇ ನೋಡುತ್ತ, "ಇದು ಯಾರ ಮಾತ ನಿನ್ನ ಬಾಯಾಗ?" ಅಂದಳು. ನೋಡದ ಹಳ್ಳಿಯ, ಕಾಣದ ಮುದುಕಿಯೊಬ್ಬಳ ಹಾಗೆ ನಾನು ಮಾತಾಡುತ್ತಿದ್ದೆನಂತೆ.

ಮೂರು ವರ್ಷದ ಮೇಲೆ ಒಬ್ಬಳೇ ಹೋಗಲು ಬಿಟ್ಟಾಗ ಲಕ್ಷ್ಮೀ ನಗರಕ್ಕೆ ಹೋದೆ. ಮನೆಗೆ ಬೇರೆ ಕೀಲಿ ಬಿದ್ದಿತ್ತು. ಪಕ್ಕದಲ್ಲಿ ಹೊಸದಾಗಿ ಮನೆ ಕಟ್ಟಿಸಿದ್ದ ಮರಾಠಿ ಹೆಂಗಸೊಬ್ಬರು ಹೇಳಿದರು. ಕೌದಿಯವಳು ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಕಡೆಯ ನಾಲ್ಕು ದಿನ ಒಂದೇ ಸಮನೆ ಮಾತಾಡುತ್ತಿದ್ದಳು. ಯಾರಿಗೂ ತಿಳಿಯದ ಭಾಷೆ. ನೀರು ಬೇಡುತ್ತಿದ್ದಾಳೆಂದು ನಾವು ನೀರು ಹಾಕುತ್ತಿದ್ದೆವು. ಟ್ರಂಕಿನಲ್ಲಿದ್ದ ಕಾಗದ ಯಾರಿಗೂ ಓದಲು ಬರಲಿಲ್ಲ, ಅವಳ ಜೊತೆಗೇ ಇಟ್ಟು ಸುಟ್ಟೆವು. ನಾನು ಆ ನಾಲ್ಕು ದಿನ ಮೂರು ಮೈಲಿ ಆಚೆ, ಬಾಯಿತುಂಬ ಅವಳದೇ ಕನ್ನಡ ಇಟ್ಟುಕೊಂಡು, ಮರಾಠಿ ಶಾಲೆಯ ಪರೀಕ್ಷೆಗೆ ಓದುತ್ತಿದ್ದೆ.

ಈಗ ನನ್ನ ಮಗಳಿಗೆ ನನ್ನ ಆಗಿನ ವಯಸ್ಸು. ಅವಳು ಶಾಲೆಯಿಂದ ಹತ್ತು ನಿಮಿಷ ತಡವಾಗಿ ಬಂದರೆ ನಾನು ಕೂತಲ್ಲಿಂದ ಏಳಲಾರೆ. ಆಗ ಚಿಗವ್ವನನ್ನು ಶಪಿಸುತ್ತೇನೆ. ನಾನು ಬರೆಯುವ ಈ ಕನ್ನಡ ಅವಳು ಕೊಟ್ಟದ್ದು ಎಂಬುದೂ ಆಗಲೇ ನೆನಪಾಗುತ್ತದೆ.

ಕಾರ್ಡನ್ನು ನಾನು ಹರಿಯಲಿಲ್ಲ. ಮನೆಯಲ್ಲಿಡಬಾರದೆಂದು ಗೊತ್ತಿದ್ದೂ ಕಿತ್ತಳೆ ಸಿಪ್ಪೆಯ ಜೊತೆ ಒಂದು ಡಬ್ಬಿಯಲ್ಲಿಟ್ಟಿದ್ದೇನೆ. ವರ್ಷಕ್ಕೊಮ್ಮೆ, ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ, ಅದನ್ನು ಹಿತ್ತಲಿಗೆ ಒಯ್ದು ಇದ್ದದ್ದು ಇದ್ದ ಹಾಗೆ ಓದುತ್ತೇನೆ. ಎರಡು ಸಲ, ಒಂದು ಶಬ್ದವೂ ಹೆಚ್ಚುಕಡಿಮೆಯಾಗದ ಹಾಗೆ. ಓದಿ ಮುಗಿಸಿ ಸ್ವಲ್ಪ ಹೊತ್ತು ಕಾಯುತ್ತೇನೆ. ಉತ್ತರ ಕೊಡಲಿಕ್ಕೆ ಚಿಗವ್ವನಿಗೆ ಸಮಯ ಬೇಕು.