ಸೊಟ್ಟ ಕೊಂಬಿನ ಎತ್ತು ಯಾರದು?

ಐವತ್ತರ ದಶಕದ ಕೊನೆಗೆ ಬಸವನ ಬಾಗೇವಾಡಿಯಲ್ಲಿ ನನ್ನದೊಂದು ಸಣ್ಣ ಛಾಪಖಾನೆ ಇತ್ತು. ಶಾಲೆಯ ಹುಡುಗರಿಗೆ ನೋಟ್‌ಬುಕ್ ಹೊಲಿಸಿ, ರಟ್ಟಿನ ಮೇಲೆ ಅವರವರ ಹೆಸರು ಅಚ್ಚು ಹಾಕಿ ಕೊಡುತ್ತಿದ್ದೆ. ಹೆಸರಿನ ಮೇಲೆ ನನ್ನ ಗುರುತು, ಒಂದು ಎತ್ತು. ನಮ್ಮ ಮನೆಯ ಎತ್ತನ್ನೇ ಎದುರಿಗೆ ನಿಲ್ಲಿಸಿ ಬಡಿಗನಿಂದ ಕಟ್ಟಿಗೆಯಲ್ಲಿ ಕೆತ್ತಿಸಿದ್ದೆ. ಅದರ ಎಡಗೊಂಬು ಕೆಳಕ್ಕೆ ಬಾಗಿತ್ತು. ಬಡಿಗ ಪ್ರಾಮಾಣಿಕ ಮನುಷ್ಯ, ಅದನ್ನೂ ಹಾಗೆಯೇ ಕೆತ್ತಿಟ್ಟ. "ಎತ್ತಿನ ನೋಟ್‌ಬುಕ್ ಕೊಡ್ರಿ" ಎಂದೇ ಜನ ಕೇಳುತ್ತಿದ್ದರು. ಶಾಲೆ ಸುರುವಾಗುವ ಆ ಒಂದು ತಿಂಗಳ ವ್ಯಾಪಾರದಲ್ಲಿ ನಮ್ಮ ವರ್ಷದ ಊಟ.

ಒಂದು ವರ್ಷ ಮುದ್ದೇಬಿಹಾಳದ ಛಾಪಖಾನೆಯವನೊಬ್ಬ ಅದೇ ಎತ್ತು ಹಾಕಿ ನೋಟ್‌ಬುಕ್ ಮಾರತೊಡಗಿದ. ಅದೇ ಸೊಟ್ಟ ಕೊಂಬು! ನನಗೆ ಮೈಯೆಲ್ಲ ಉರಿದುಹೋಯಿತು. ವಕೀಲರ ಮನೆಗೆ ಓಡಿದೆ.

"ಊರು ಬಸವಣ್ಣಂದು. ಇಲ್ಲಿ ನಿಂತು ಬಸವ ನನ್ನ ಸ್ವಂತದ್ದು ಅಂತ ದಾವಾ ಹಾಕ್ತೀಯೇನೋ?" ಎಂದು ವಕೀಲರು ನಕ್ಕರು.

"ಆ ಕೊಂಬು ನಮ್ಮ ಎತ್ತಿಂದ್ರೀ!" ಎಂದೆ.

"ಹಂಗಾರ ಸಾಕ್ಷಿ ತಗೊಂಡ ಬಾ."

ಅವರು ಹೇಳಿದ್ದು ತಮಾಷೆಗೆ. ನನ್ನ ತಲೆಗೆ ಅಷ್ಟು ಹೊಳೆಯಬೇಕಲ್ಲ! ಸಂತೆಯ ದಿನ ಮುದ್ದೇಬಿಹಾಳದವನು ನಮ್ಮೂರಿಗೇ ಬಂದು ಅಂಗಡಿ ಹಚ್ಚಿದ್ದ. ಎತ್ತಿನ ಹಗ್ಗ ಹಿಡಿದು ಸೀದಾ ಅವನ ಮುಂದೆ ತಂದು ನಿಲ್ಲಿಸಿದೆ.

"ನೋಡ್ರಿ ಇದರ ಮಾರಿ! ನಿಮ್ಮ ರಟ್ಟಿನ ಮ್ಯಾಲಿಂದು ಇದ ಹೌದೋ ಅಲ್ಲೋ?"

ಜನ ನೆರೆದರು. ಇಬ್ಬರು ಹಿರಿಯ ದನದ ದಲ್ಲಾಳಿಗಳು ನ್ಯಾಯ ಹೇಳಲು ಮುಂದೆ ಬಂದರು. ಎತ್ತಿನ ಹಲ್ಲು ಎಣಿಸಿದರು, ಮೈಮೇಲಿನ ಕೂದಲ ಸುಳಿ ಶುಭವೋ ಅಶುಭವೋ ನೋಡಿದರು, ಆಮೇಲೆ ನೋಟ್‌ಬುಕ್ಕನ್ನು ಅದರ ಮುಖದ ಪಕ್ಕ ಹಿಡಿದರು. ಎತ್ತು ರಟ್ಟಿನ ಮೂಲೆ ತಿಂದಿತು. ಕೊನೆಗೆ, ಬೆಲೆ ಕಟ್ಟುವಾಗ ಮಾಡುವಂತೆಯೇ, ಟವೆಲಿನ ಅಡಿಯಲ್ಲಿ ಕೈ ಹಿಡಿದು ಬೆರಳು ಒತ್ತಿಕೊಂಡು ಗುಟ್ಟಾಗಿ ವಿಚಾರ ಮಾಡಿದರು. ಚಿತ್ರದ ಬಗ್ಗೆ ಆ ಬೆರಳುಗಳು ಏನು ಮಾತಾಡಿಕೊಂಡವೋ ದೇವರೇ ಬಲ್ಲ.

"ಎತ್ತು ಇವರದ, ಖರೆ," ಎಂದರು ಒಬ್ಬರು.

ಮುದ್ದೇಬಿಹಾಳದವನು ತಲೆ ತಗ್ಗಿಸಿದ. "ತಪ್ಪಾತ್ರಿ. ಬ್ಯಾರೆ ಅಚ್ಚು ಮಾಡಸ್ತೇನಿ."

ನಾನು ಎದೆಯುಬ್ಬಿಸಿ ನಿಂತೆ. ಆಗ ಇನ್ನೊಬ್ಬ ದಲ್ಲಾಳಿ ಅವನಿಗೆ ಬುದ್ಧಿ ಹೇಳಿದರು: "ಮತ್ತ ಇಂಥಾ ಐಬಿನ ಎತ್ತು ಮಾಡಸಬ್ಯಾಡಪಾ. ಇದಕ ಯಾರೂ ಅರ್ಧಾ ಬೆಲಿ ಕೊಡಂಗಿಲ್ಲ. ಕೊಂಬು ನೆಟ್ಟಗ ಇರ್ಲಿ, ಎದಿ ಅಗಲ ಇರ್ಲಿ, ಹಣಿ ಮ್ಯಾಲ ಒಳ್ಳೆ ಸುಳಿ ಇರ್ಲಿ."

ದಲ್ಲಾಳಿ ಹೇಳಿದಂತೆಯೇ ಅವನು ಹೊಸ ಅಚ್ಚು ಮಾಡಿಸಿದ. ಅಬ್ಬಬ್ಬಾ, ಏನು ಎತ್ತದು! ನನಗೇ ಕೊಳ್ಳಬೇಕೆನಿಸಿತು. ರೈತರು ಅದನ್ನೂ ನನ್ನದನ್ನೂ ಅಕ್ಕಪಕ್ಕ ಹಿಡಿದು ನೋಡಿ, "ಮಕ್ಕಳ ಕೈಯಾಗ ಐಬಿನ ಎತ್ತು ಯಾಕ ಕೊಡೂದು?" ಎಂದು ಅವನ ಕಡೆ ನಡೆದರು. ನ್ಯಾಯ ಗೆದ್ದ ನಾನು ಮಾರಾಟವಾಗದ ರಾಶಿಯ ಮುಂದೆ ಕೂತೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಮರುವರ್ಷ ಶಾಲೆ ಸುರುವಾದ ದಿನ ನಮ್ಮ ಮಗಳ ಚೀಲದಲ್ಲಿ ಮುದ್ದೇಬಿಹಾಳದವನ ನೋಟ್‌ಬುಕ್ ಕಂಡಿತು. ಹೆಂಡತಿಯ ಕಡೆ ಕಣ್ಣು ಕೆಕ್ಕರಿಸಿ ನೋಡಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ಹುಡುಗಿ ಪಾಸ್ ಆಗೂದು ಬ್ಯಾಡೇನ್ರಿ?" ಎಂದಳು.